ದವಾಖಾನಿ ಫೈಲು ಯಾರ್ಯಾರ ಕೈಗೆ ಹೋಗ್ತೈತಿ, ಎಲ್ಲಿ ತಡೀಬಹುದು

ನಂದು ಸಿಂಧನೂರಾಗ ಒಂದು ದವಾಖಾನಿ ಎದುರಿಗೆ ಝರಾಕ್ಸ್ ಅಂಗಡಿ ಐತಿ. ಜೋಡಿಗೆ ಆನ್‌ಲೈನ್ ಕೆಲಸಾನೂ ಮಾಡ್ತೀನಿ, ಆಯುಷ್ಮಾನ್ ಕಾರ್ಡು, ಆಭಾ ನಂಬರು, ಇನ್ಶೂರೆನ್ಸ್ ಕ್ಲೇಮಿಗೆ ಪೇಪರ್ ಸ್ಕ್ಯಾನು, ಇಂಥಾವು. ಹೋದ ಮಳಿಗಾಲದಾಗ ತುರವಿಹಾಳ ಕಡಿ ಹೆಣ್ಮಗಳೊಬ್ಬಾಕಿ ಬಂದು ಅಂಗಡಿ ಮುಂದ ಸುಮ್ನ ನಿಂತಿದ್ಲು. ಏನಾಗ್ಬೇಕಿತ್ತಕ್ಕ ಅಂದೆ. "ನನ್ನ ರಿಪೋರ್ಟು ನನಗಿಂತ ಮೊದ್ಲ ನಮ್ಮ ಭಾವನ ಫೋನಿಗೆ ಹೋಗೇತಣ್ಣ, ಮನ್ಯಾಗ ಎಲ್ಲಾರಿಗೂ ಗೊತ್ತಾಗಿ ಕುಂತೈತಿ, ಲ್ಯಾಬಿನವ್ರು ಅವಗ್ಯಾಕ ಕಳಿಸಿದ್ರು" ಅಂದ್ಲು. ಚೀಟಿ ಇಸ್ಕೊಂಡು ನೋಡಿದ್ರ, ಹೆಸರು ಬರ್ಸೂವಾಗ ಜೋಡಿಗೆ ಬಂದಿದ್ದ ಭಾವ ತನ್ನ ನಂಬರ್ ಬರ್ಸ್ಯಾನ. ಲ್ಯಾಬಿನವ್ರು ಚೀಟಿಯಾಗ ಇದ್ದ ನಂಬರಿಗೆ ಕಳಿಸ್ಯಾರ. ಯಾರ ಮ್ಯಾಲ ಸಿಟ್ಟು ಮಾಡ್ಬೇಕು ಅಂತ ಅಕಿಗೂ ತಿಳೀಲಿಲ್ಲ ನನಗೂ ತಿಳೀಲಿಲ್ಲ.

ನಾ ಡಾಕ್ಟರೂ ಅಲ್ಲ ವಕೀಲನೂ ಅಲ್ಲ, ಆದ್ರ ಹನ್ನೆರಡು ವರ್ಷದಿಂದ ಮಂದಿ ಫೈಲು ನನ್ನ ಕೈಯಾಗ ಆಡ್ಯಾವ, ಹಂಗಾಗಿ ಯಾವ ಕಾಗದ ಎಲ್ಲಿಗೆ ಹೋಗ್ತೈತಿ ಅನ್ನೂದು ಒಂದಿಷ್ಟು ಗೊತ್ತೈತಿ, ಕಾನೂನೂ ಅಷ್ಟಿಷ್ಟು ಓದಿ ತಿಳ್ಕೊಂಡೀನಿ. ದವಾಖಾನಿಗೆ ಹೋದ ಮ್ಯಾಲ ಏನ್ ಮಾಡ್ಬೇಕು ಅಂತ ಒಂದೊಂದಾಗಿ ಬರೀತೀನಿ, ರಾಯಚೂರು ಕೊಪ್ಪಳ ಬಳ್ಳಾರಿ ಎಲ್ಲೇ ಇರ್ರಿ, ಇದ ಲೆಕ್ಕ.

ಮೊದ್ಲ ಕೆಲಸ, ಚೀಟಿ ಮಾಡ್ಸೂವಾಗ

ಫೋನ್ ನಂಬರ್ ಯಾರ್ದು ಕೊಡ್ತೀರಿ ನೋಡ್ಕೊಳ್ರಿ. ಓಟಿಪಿ, ರಿಪೋರ್ಟಿನ ಲಿಂಕು, ಮುಂದಿನ ತಾರೀಖಿನ ಮೆಸೇಜು, ಎಲ್ಲಾ ಅದ ನಂಬರಿಗೆ ಬರ್ತಾವ. ನಿಮ್ಮ ಹಂತೇಕ ಫೋನ್ ಇಲ್ಲಾಂದ್ರ ನೀವು ಯಾರನ್ನ ನಂಬ್ತೀರೋ ಅವ್ರದ್ದ ಕೊಡ್ರಿ, ಬೈಕಿನ ಮ್ಯಾಲ ಕರ್ಕೊಂಡು ಬಂದವ್ರದ್ದು ಅಂತ ಕೊಡಬ್ಯಾಡ್ರಿ. ಆಟೋದವನ ನಂಬರ್ ಇರೂ ಚೀಟಿ ನೋಡೀನಿ ನಾನು. ನಂಬರ್ ಬದ್ಲಿ ಆದ್ರ ಕೌಂಟರಿನ್ಯಾಗ ಹೇಳಿ ಹಳೇದು ತೆಗಿಸ್ರಿ, ಸಿಮ್ ಬಿಟ್ಟು ಕೆಲವು ತಿಂಗಳಾದ್ಮ್ಯಾಲ ಕಂಪನಿಯವ್ರು ಅದ ನಂಬರ್ ಇನ್ನೊಬ್ರಿಗೆ ಕೊಡ್ತಾರ, ಆಮ್ಯಾಲ ನಿಮ್ಮ ಶುಗರ್ ಎಷ್ಟೈತಿ ಅಂತ ಯಾವನೋ ಗುರ್ತಿಲ್ಲದವಗ ಗೊತ್ತಾಗ್ತಿರ್ತೈತಿ.

ಆಭಾ ನಂಬರ್ ಬಗ್ಗೆ ಭಾಳ ಮಂದಿ ಕೇಳ್ತಾರ. ಇದು 14 ಅಂಕಿ ನಂಬರು, ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಯೋಜನಿದು, ದೇಶಕ್ಕೆಲ್ಲಾ 2021ರ ಸೆಪ್ಟೆಂಬರಿನ್ಯಾಗ ಶುರು ಮಾಡಿದ್ರು. ಮಾಡಿಸ್ಕೊಂಡ್ರ ಒಳ್ಳೇದ, ಬೇರೆ ಬೇರೆ ದವಾಖಾನಿ ರಿಪೋರ್ಟ್ ಒಂದ ಆ್ಯಪಿನ್ಯಾಗ ನೋಡಬಹುದು, ಆದ್ರ ಇದು ಕಡ್ಡಾಯ ಅಲ್ಲ, ಇದಿಲ್ಲಾಂದ್ರ ನೋಡಂಗಿಲ್ಲ ಅಂತ ಯಾರೂ ಹೇಳಂಗಿಲ್ಲ. ಇನ್ನೊಂದು ತಪ್ಪು ತಿಳುವಳ್ಕಿ ಏನಂದ್ರ ಆಭಾ ಮಾಡ್ಸಿದ್ರ ನಮ್ಮ ಫೈಲೆಲ್ಲಾ ದಿಲ್ಲಿಗೆ ಹೋಗಿ ಒಂದು ಕಡಿ ಕೂಡ್ತೈತಿ ಅನ್ನೂದು. ಹಂಗಿಲ್ಲ. ದಾಖಲಿ ಯಾವ ದವಾಖಾನ್ಯಾಗ ತಯಾರಾಗೇತೋ ಅಲ್ಲೇ ಇರ್ತೈತಿ, ಇನ್ನೊಬ್ಬ ಡಾಕ್ಟ್ರು ಬೇಕಂದಾಗ ನಿಮ್ಮ ಫೋನಿಗೆ ಒಪ್ಪಿಗಿ ಕೇಳಿ ರಿಕ್ವೆಸ್ಟ್ ಬರ್ತೈತಿ, ಯಾರು ಕೇಳ್ಯಾರ, ಯಾಕ, ಯಾವ ತಾರೀಖಿಂದ ಯಾವ ತಾರೀಖಿನ ತನಕದ್ದು, ಎಷ್ಟು ದಿನ ನೋಡಬಹುದು, ಎಲ್ಲಾ ಅದ್ರಾಗ ಇರ್ತೈತಿ. ಅಲ್ಲೇ ಕಡಿಮಿ ಮಾಡಬಹುದು, ಆಮ್ಯಾಲ ವಾಪಸ್ ತಗೋಬಹುದು. ನಮ್ಮ ಮಂದಿ ಏನ್ ಮಾಡ್ತಾರಂದ್ರ ನನ್ನ ಕೈಗೆ ಫೋನ್ ಕೊಟ್ಟು "ಅದೇನೋ ಬಂದೈತಿ ಓಕೆ ಒತ್ತಪ್ಪ" ಅಂತಾರ. ಒತ್ತೂಕಿಂತ ಮೊದ್ಲ ಓದಿ ಹೇಳು ಅನ್ರಿ. ಹಂಗ ಓಪಿಡಿ ಕೌಂಟರ್ ಹಂತೇಕ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೋತೀರಲ್ಲ, ಅದ್ರಾಗ ಹೋಗೂದು ಹೆಸರು ವಯಸ್ಸು ವಿಳಾಸ ನಂಬರು, ರಿಪೋರ್ಟು ಅಲ್ಲ, ಅದಕ್ಕ ಹೆದರೂದು ಬ್ಯಾಡ.

ಎರಡನೇದು, ಸಹಿ ಹಾಕೂ ಪೇಪರ್

ಅಡ್ಮಿಟ್ ಆದಾಗ ನಾಕೈದು ಹಾಳಿ ಮುಂದಿಡ್ತಾರ, ಇಲ್ಲಿ ಇಲ್ಲಿ ಇಲ್ಲಿ ಅಂತ ಪೆನ್ನಿನ್ಯಾಗ ತೋರಿಸ್ತಾರ, ನಾವೂ ಹಾಕಿ ಬರ್ತೀವಿ. ಅದ್ರಾಗ ಎಲ್ಲಾ ಒಂದ ನಮೂನಿ ಪೇಪರ್ ಇರಂಗಿಲ್ಲ. ಆಪರೇಷನ್ನಿಗೆ ಒಪ್ಪಿಗಿ ಬ್ಯಾರೆ, ಇನ್ಶೂರೆನ್ಸ್ ಕಂಪನಿಗೆ ಫೈಲ್ ತೋರ್ಸಾಕ ಒಪ್ಪಿಗಿ ಬ್ಯಾರೆ, ಫೋಟೋ ವಿಡಿಯೋ ತೆಗ್ಯಾಕ, ಸಂಶೋಧನಿಗೆ ಬಳಸಾಕ ಒಪ್ಪಿಗಿ ಬ್ಯಾರೆ. ಕೆಲವು ಕಡಿ ಇವೆಲ್ಲಾ ಕೂಡಿಸಿ ಒಂದ ಹಾಳಿಯಾಗ ಇಂಗ್ಲಿಷಿನ್ಯಾಗ ಪ್ರಿಂಟ್ ಮಾಡಿರ್ತಾರ. ಸಿಸ್ಟರಿಗೆ ಕೇಳ್ರಿ, ಸಿಸ್ಟರ್, ಇದ್ರಾಗ ಫೋಟೋದ್ದು, ಬ್ಯಾರೆಯವ್ರಿಗೆ ಕೊಡೂದು ಎಲ್ಲೈತಿ ತೋರ್ಸ್ರಿ ಅಂತ. ಬ್ಯಾಡ ಅನ್ಸಿದ್ರ ಆ ಸಾಲಿನ ಮ್ಯಾಲ ಗೆರಿ ಎಳ್ದು ಪಕ್ಕದಾಗ ಸಣ್ಣ ಸಹಿ ಹಾಕ್ರಿ, ಮೊಬೈಲಿನ್ಯಾಗ ಒಂದು ಫೋಟೋ ತಕ್ಕೊಂಡು ಇಟ್ಕೊಳ್ರಿ. ಆ ಸಾಲು ಹೊಡ್ದು ಹಾಕಿದ್ರ ಚಿಕಿತ್ಸಾ ಏನೂ ನಿಲ್ಲಬಾರ್ದು, ಎರಡಕ್ಕೂ ಸಂಬಂಧಾನ ಇಲ್ಲ.

2023ರ ಡೇಟಾ ರಕ್ಷಣಾ ಕಾಯ್ದಿಯಾಗ ಇದ್ರ ಬಗ್ಗೆ ಚಲೋ ಮಾತು ಅದಾವ, ಯಾವ ಮಾಹಿತಿ ಯಾಕ ತಗೋತಾರ ಅನ್ನೂ ನೋಟಿಸನ್ನ ಇಂಗ್ಲಿಷ್ ಇಲ್ಲಾ ಸಂವಿಧಾನದ ಎಂಟನೇ ಶೆಡ್ಯೂಲಿನ ಯಾವುದ ಭಾಷಾದಾಗ ಓದೂ ಅವಕಾಶ ಕೊಡಬೇಕು ಅಂತ ಐತಿ, ಅಂದ್ರ ಕನ್ನಡದಾಗನೂ ಕೇಳಬಹುದು, ನಮ್ಮ ಕಡಿ ತೆಲುಗು ಕ್ಯಾಂಪಿನ ಮಂದಿ ತೆಲುಗಿನ್ಯಾಗನೂ ಕೇಳಬಹುದು. ರೂಲ್ಸು 2025ರ ನವೆಂಬರಿನ್ಯಾಗ ಹೊರಗ ಬಂದ್ವು, ಆದ್ರ ಮುಖ್ಯ ಭಾಗ ಜಾರಿಗೆ ಬರಾಕ 18 ತಿಂಗಳು ಟೈಮ್ ಇಟ್ಟಾರ. ಹಂಗಾಗಿ ಈಗ್ಲೇ ಹೋಗಿ ಕೌಂಟರಿನ್ಯಾಗ ಆ ಕಾಯ್ದಿ ಹೆಸರು ಹೇಳಿ ಜಗಳ ತಗಿಬ್ಯಾಡ್ರಿ. ಜಗಳಕ್ಕ ಹಳೇ ನಿಯಮನ ಸಾಕು, ಮುಂದ ಹೇಳ್ತೀನಿ.

ಮೆಡಿಕಲ್ ಕಾಲೇಜ್ ದವಾಖಾನಿಗೆ ಹೋಗೂವ್ರಿಗೆ ಒಂದು ಮಾತು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿ ಮೆಡಿಕಲ್ ಕಾಲೇಜು, ನಾವಿನ್ನೂ ವಿಮ್ಸ್ ಅಂತನ ಅಂತೀವಿ, ಇಲ್ಲೆಲ್ಲಾ ಹುಡುಗ್ರು ಕಲಿಯಾಕ ಬಂದಿರ್ತಾರ. ನಿಮ್ಮ ಕಾಟಿನ ಸುತ್ತ ಏಳೆಂಟು ಮಂದಿ ನಿಂತು ಕೇಳಿದ್ದ ಕೇಳ್ತಾರ, ಅದು ಅವ್ರ ಪಾಠ, ಅದ್ರಾಗ ತಪ್ಪಿಲ್ಲ, ಮುಂದ ನಮ್ಮ ಮಕ್ಕಳನ್ನ ನೋಡೂ ಡಾಕ್ಟ್ರು ಅವ್ರ. ಆದ್ರ ಮುಖ ಕಾಣೂ ಹಂಗ ಫೋಟೋ ಹೊಡ್ಯೂದು, ಹೆಸರು ತಿಳಿಯೂ ಹಂಗ ಎಲ್ಲಾರ ಛಾಪಿಸೂದು ನೀವು ಒಪ್ಪಿದ್ರ ಮಾತ್ರ. ಡಾಕ್ಟರ್ ನಡತಿ ನಿಯಮ ಅಂತ 2002ರದ್ದು ಐತಿ, ಅದ್ರಾಗ ಛಾಪಿಸೂದ್ರ ಬಗ್ಗೆ ಇದು ಸ್ಪಷ್ಟ ಐತಿ.

ಕೇಳದನ ಹೋಗೂ ಹಾದಿ ಯಾವುವು

ಇಲ್ಲಿ ಸ್ವಲ್ಪ ತಾಳ್ಮಿಯಿಂದ ಓದ್ರಿ, ಯಾಕಂದ್ರ ಎಲ್ಲಾದಕ್ಕೂ ನಮ್ಮನ್ನ ಕೇಳ್ಬೇಕು ಅಂತ ಇಲ್ಲ. ನಿಮ್ಮನ್ನ ನೋಡೂ ಡಾಕ್ಟ್ರು ಸಿಸ್ಟರ್ ಲ್ಯಾಬು, ರೆಫರ್ ಮಾಡಿದ ದೊಡ್ಡ ದವಾಖಾನಿ, ಇವ್ರ ನಡುವ ಮಾಹಿತಿ ಓಡಾಡಾಕ ಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಹೋದ್ರ, ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದ ತನಕ ಇರೂದು, ನಿಮ್ಮ ರೋಗ, ಸ್ಕ್ಯಾನು, ಕಾಟಿನ ಮ್ಯಾಲ ಮಲ್ಕೊಂಡಿದ್ದ ಫೋಟೋ ಸೈತ ಈ ಯೋಜನಿ ನಡಸೂ ಸರ್ಕಾರಿ ಟ್ರಸ್ಟಿನ ಪೋರ್ಟಲ್ಲಿಗೆ ಹೋಗ್ತಾವ. ರೊಕ್ಕ ಕೊಡೂವ್ರು ಯಾಕ ಕೊಡ್ಬೇಕು ಅಂತ ನೋಡ್ತಾರ. ಅದು ಸರಿನ.

ಟಿಬಿ ಆದ್ರ ಸರ್ಕಾರಿ ಇರ್ಲಿ ಖಾಸಗಿ ಇರ್ಲಿ, ಸರ್ಕಾರದ ಟಿಬಿ ದಾಖಲಿ ಇಡೂ ನಿಕ್ಷಯ ಪೋರ್ಟಲ್ಲಿಗೆ ಹೆಸರು ಹಾಕಬೇಕು, 2012ರಿಂದ ಈ ನಿಯಮ ಐತಿ. ಇದಕ್ಕ ಹೆದರಿ ಹೈದರಾಬಾದಿಗೆ ಹೋಗಿ ಗುಟ್ಟಾಗಿ ತೋರಿಸ್ಕೊಂಡವ್ರು ಅದಾರ, ಅಲ್ಲೂ ಹಾಕ್ತಾರಲ್ಲಪ್ಪಾ. ಹೆಸರು ಹಾಕಿದ್ರ ಔಷಧ ಪುಕ್ಕಟೆ, ಊಟಕ್ಕ ಅಂತ ತಿಂಗಳಿಗೆ 1000 ರೂಪಾಯಿ ನಿಮ್ಮ ಖಾತಿಗೆ ಬರ್ತೈತಿ, ಮೊದ್ಲ 500 ಇತ್ತು, 2024ರ ನವೆಂಬರಿಂದ ಹೆಚ್ಚು ಮಾಡ್ಯಾರ. ಆದ್ರ ಪೋರ್ಟಲ್ಲಿಗೆ ಹಾಕೂದು ಬ್ಯಾರೆ, ಓಣಿಯಾಗ ಡಂಗುರ ಸಾರೂದು ಬ್ಯಾರೆ. ಮನಿಗೆ ಬರೂ ಸಿಬ್ಬಂದಿಗೆ ಹೊರಗ ಕಟ್ಟಿ ಮ್ಯಾಲ ನಿಂತು ಮಾತಾಡಬ್ಯಾಡ್ರಿ, ಒಳಗ ಬರ್ರಿ ಅಂತ ಹೇಳೂ ಹಕ್ಕು ನಿಮಗೈತಿ.

ಪೊಲೀಸರಿಗೆ ಹೋಗೂದು ಎಂಎಲ್‌ಸಿ, ಅಂದ್ರ ದವಾಖಾನಿಯವ್ರು ಪೊಲೀಸರಿಗೆ ತಿಳಿಸ್ಬೇಕಾದ ಕೇಸು. ಆಕ್ಸಿಡೆಂಟು, ಬಡದಾಟ, ಸುಟ್ಟಿದ್ದು, ವಿಷ. ಭತ್ತದ ಸೀಮಿ ನಮ್ಮದು, ಬೆಳಿಗೆ ಕೀಟನಾಶಕದ ಎಣ್ಣಿ ಹೊಡ್ಯಾಕ ಹೋಗಿ ಗಾಳಿ ತಿರುಗಿ ಮೈಗೆ ಏರಿದವ್ರೂ ಬರ್ತಾರ, ಮನಸ್ಸಿಗೆ ಬ್ಯಾಸರಾಗಿ ಕುಡ್ದವ್ರೂ ಬರ್ತಾರ, ಮನಿಯವ್ರು ಪೊಲೀಸ್ ಅಂಜಿಕಿಗೆ ಕ್ಯಾಶುವಾಲ್ಟಿಯಾಗ "ವಾಂತಿ ಭೇದಿ ಸಾಹೇಬ್ರ" ಅಂತ ಸುಳ್ಳು ಹೇಳ್ತಾರ. ಹಂಗ ಹೇಳಬ್ಯಾಡ್ರಿ. ಯಾವ ಎಣ್ಣಿ ಅಂತ ಗೊತ್ತಾದ್ರ ಅದಕ್ಕ ತಕ್ಕ ಔಷಧ ಲಗೂನ ಕೊಡ್ತಾರ, ಡಬ್ಬಿನ ಜೋಡಿ ಒಯ್ರಿ. ಜೀವ ಕಳ್ಕೊಳ್ಳಾಕ ಹೋದವ್ರ ಮ್ಯಾಲ ಕೇಸ್ ಹಾಕ್ತಾರ ಅನ್ನೂದು ಹಳೇ ಮಾತಾತು, 2017ರ ಮಾನಸಿಕ ಆರೋಗ್ಯ ಕಾಯ್ದಿ ಅಂಥವ್ರು ಭಾಳ ಒತ್ತಡದಾಗ ಇದ್ರು ಅಂತನ ತಿಳ್ಕೋಬೇಕು, ಶಿಕ್ಷಾ ಕೊಡಬಾರ್ದು, ಸರ್ಕಾರ ಆರೈಕಿ ಮಾಡ್ಬೇಕು ಅಂತ ಹೇಳ್ತೈತಿ, 2024ರ ಜುಲೈಯಿಂದ ಬಂದ ಹೊಸ ನ್ಯಾಯ ಸಂಹಿತಾದಾಗ, ಜೀವ ಕಳ್ಕೊಳ್ಳಾಕ ಹೋದವ್ರಿಗೆ ಶಿಕ್ಷಾ ಅಂತಿದ್ದ ಹಳೇ 309ನೇ ಕಲಮ್ಮೂ ಇಲ್ಲ. ಪೊಲೀಸ್ರು ಹೇಳ್ಕಿ ತಗೊಳ್ಳಾಕ ಬರಬಹುದು, ಬರ್ಲಿ.

18 ವರ್ಷದೊಳಗಿನ ಮಕ್ಕಳ ಮ್ಯಾಲ ಲೈಂಗಿಕ ದೌರ್ಜನ್ಯ ಆಗಿದ್ದು ತಿಳಿದ್ರ ದವಾಖಾನಿಯವ್ರು ಪೊಲೀಸರಿಗೆ ಹೇಳಲೇಬೇಕು, ಮಕ್ಕಳ ರಕ್ಷಣಾದ ಪೋಕ್ಸೋ ಕಾಯ್ದಿ ಹಂಗ ಹೇಳ್ತೈತಿ. ಕೋರ್ಟು ಕೇಳಿದ್ರ ಕೊಡ್ಬೇಕು.

ಇವು ಬಿಟ್ರ ಉಳಿದವ್ರಿಗೆ, ಅಂದ್ರ ನಿಮ್ಮ ಮಾಲಕ, ರೈಸ್‌ಮಿಲ್ಲಿನ ಮ್ಯಾನೇಜರ್, ಗಂಡಿನ ಕಡಿಯವ್ರು, ಊರ ಹಿರಿಯಾರು, ಪೇಪರಿನವ್ರು, ಯಾರಿಗೂ ನಿಮ್ಮನ್ನ ಕೇಳದ ಹೇಳಾಕ ಬರಂಗಿಲ್ಲ. "ನಾವು ಅವ್ರ ಸಂಬಂಧಿಕ್ರು" ಅಂದ್ರೂ ಅಷ್ಟ. ಒಳಗ ಹೋಗೂಕಿಂತ ಮೊದ್ಲ ಡಾಕ್ಟರಿಗೆ ಹೇಳಿಬಿಡ್ರಿ, ನನ್ನ ವಿಷಯ ಇಂಥವ್ರಿಗೆ ಹೇಳ್ರಿ, ಬ್ಯಾರೆ ಯಾರಿಗೂ ಬ್ಯಾಡ ಅಂತ, ಕೇಸ್ ಶೀಟಿನ್ಯಾಗ ಬರ್ಕೊಳ್ರಿ ಅನ್ರಿ. ನಮ್ಮ ಕಡಿ ಡಾಕ್ಟ್ರು ಪೇಷಂಟಿಗಿಂತ ಜೋಡಿ ಬಂದವ್ರ ಮುಖ ನೋಡಿ ಮಾತಾಡೂದು ಹೆಚ್ಚು, ಹೆಣ್ಮಕ್ಕಳಾದ್ರಂತೂ ಮುಗೀತು, ಹಂಗಾಗಿ ಬಾಯಿಬಿಟ್ಟು ಹೇಳಲೇಬೇಕು.

ಕೆಲವು ವಿಷಯಕ್ಕ ಇನ್ನೂ ಗಟ್ಟಿ ಬೇಲಿ ಐತಿ. ಎಚ್‌ಐವಿ ಇದ್ರ 2017ರ ಕಾಯ್ದಿ ಪ್ರಕಾರ, 2018ರ ಸೆಪ್ಟೆಂಬರಿಂದ ಜಾರಿಯಾಗೇತಿ, ನಿಮ್ಮ ಒಪ್ಪಿಗಿ ಇಲ್ಲದ ಯಾರಿಗೂ ಹೇಳಬಾರ್ದು, ಕೆಲಸಕ್ಕ ತಗೊಳ್ಳಾಕ ಎಚ್‌ಐವಿ ಟೆಸ್ಟ್ ಮಾಡಿಸ್ಕೊಂಡು ಬಾ ಅನ್ನಾಕೂ ಬರಂಗಿಲ್ಲ. ಗಂಡ ಇಲ್ಲಾ ಹೆಂಡ್ತಿಗೆ ಅಪಾಯ ಐತಿ ಅನ್ಸಿದ್ರ ಡಾಕ್ಟ್ರು ಇಲ್ಲಾ ಕೌನ್ಸೆಲರ್ ಮೊದ್ಲ ನಿಮಗ ತಿಳಿಸಿ ಹೇಳಿ, ನೀವು ಹೇಳ್ಲಿಲ್ಲಾಂದ್ರ ಆಮ್ಯಾಲ ಅವ್ರಿಗೆ ಹೇಳಬಹುದು, ಇಂಥಾ ಸಂದು ಬಿಟ್ಟಾರ, ಅದ್ರಾಗನೂ ಹೆಣ್ಮಗಳು ಹೇಳಿದ್ರ ಬಡತ ತಿನ್ನೂ ಹಂಗಿದ್ರ ಅಕಿ ಮ್ಯಾಲ ಹೇಳೂ ಜವಾಬ್ದಾರಿ ಇಲ್ಲ. ಬಸರು ತೆಗಿಸ್ಕೊಂಡವ್ರ ಹೆಸರು ಹೊರಗ ಬಿಟ್ರ 2021ರ ತಿದ್ದುಪಡಿ ಪ್ರಕಾರ ಒಂದು ವರ್ಷದ ತನಕ ಜೈಲು. ಮನಸ್ಸಿನ ಚಿಕಿತ್ಸಾ ತಗೊಂಡವ್ರ ಫೋಟೋ, ಮಾಹಿತಿ ಮಾಧ್ಯಮಕ್ಕ ಕೊಡಬಾರ್ದು.

ಇನ್ಶೂರೆನ್ಸಿನವ್ರದ್ದು ಬ್ಯಾರೆನ ಕತಿ

ಖಾಸಗಿ ಇನ್ಶೂರೆನ್ಸ್ ತಗೊಂಡಿದ್ರ ಕಂಪನಿ ನಿಮ್ಮ ಪೂರ್ತಿ ಕೇಸ್ ಶೀಟ್ ತರ್ಸ್ಕೊಂಡು ಸಾಲು ಸಾಲು ಓದ್ತೈತಿ, ಪಾಲಿಸಿ ಫಾರ್ಮಿನ್ಯಾಗ ಅದಕ್ಕ ಒಪ್ಪಿ ಸಹಿ ಹಾಕಿರ್ತೀರಿ. ಅವ್ರು ಹುಡುಕೂದು ಮೊದಲ ಹಾಳಿ, ಅಡ್ಮಿಟ್ ಆದ ರಾತ್ರಿ ಡ್ಯೂಟಿ ಡಾಕ್ಟ್ರು ಬರ್ಕೊಂಡಿದ್ದು. ಮಸ್ಕಿ ಕಡಿ ಒಬ್ಬ ಯಜಮಾನ್ರದ್ದು ಹಿಂಗ ಆಗಿತ್ತು. ಎದಿ ನೋವು ಅಂತ ಅಡ್ಮಿಟ್ ಮಾಡಿದ್ರು, ಅವ್ರಿಗೆ ಮಾತಾಡಾಕ ಆಗ್ತಿರ್ಲಿಲ್ಲ, ಬಿಪಿ ಎಷ್ಟು ದಿನದ್ದೈತಿ ಅಂತ ಡಾಕ್ಟ್ರು ಕೇಳಿದ್ದಕ್ಕ ತಮ್ಮನ ಮಗ ಗಾಬರಿಯಾಗ "ಭಾಳ ವರ್ಷದಿಂದ ಐತ್ರಿ, ಹತ್ತು ವರ್ಷ ಆಗಿರಬೇಕು" ಅಂದುಬಿಟ್ಟಾನ. ಖರೇವಂದ್ರ ಎರಡು ವರ್ಷ, ಮೊದಲ ಗುಳಿಗಿ ಚೀಟಿನ ಮನ್ಯಾಗ ಇತ್ತು. ಪಾಲಿಸಿ ಮಾಡ್ಸಿ ಮೂರು ವರ್ಷ ತುಂಬಿರ್ಲಿಲ್ಲ, ಆದ್ರ ಬಿಪಿ ಬಂದದ್ದು ಪಾಲಿಸಿ ಆದ ಮ್ಯಾಲ. ಕ್ಲೇಮ್ ರಿಜೆಕ್ಟ್ ಆತು, ಹಳೇ ರೋಗ ಮುಚ್ಚಿಟ್ಟೀರಿ ಅಂತ. ಆ ಚೀಟಿ ಹುಡುಕಿ ತಂದು, ನನ್ನ ಅಂಗಡಿಯಾಗ ಸ್ಕ್ಯಾನ್ ಮಾಡಿ, ಡಾಕ್ಟರ ಹಂತೇಕ ತಿದ್ದುಪಡಿ ಪತ್ರ ಬರ್ಸ್ಕೊಂಡು, ನಾಕು ತಿಂಗಳು ಓಡಾಡಿದ ಮ್ಯಾಲ ರೊಕ್ಕ ಬಂತು.

ಹಂಗಾಗಿ ಅಡ್ಮಿಟ್ ಆದ ಮರುದಿನನ ಕೇಸ್ ಶೀಟಿನ್ಯಾಗ ಏನ್ ಬರದಾರ ಅಂತ ಕೇಳ್ರಿ. ಖಾತ್ರಿ ಇಲ್ಲದ್ದಕ್ಕ ನನಗ ಗೊತ್ತಿಲ್ರಿ ಅನ್ರಿ, ಅಂದಾಜು ವರ್ಷ ಹೇಳಬ್ಯಾಡ್ರಿ. ತಪ್ಪಿದ್ರ ಡಿಸ್ಚಾರ್ಜಿಗೆ ಮೊದ್ಲ ಹೇಳ್ರಿ, ಡಾಕ್ಟ್ರು ತಾರೀಖು ಹಾಕಿ ಸಹಿ ಮಾಡಿ ತಿದ್ದುಪಡಿ ಬರೀಬಹುದು, ಹಳೇದನ್ನ ಅಳಸೂದಲ್ಲ. ಹಂಗಂತ ಇದ್ದ ರೋಗ ಇಲ್ಲ ಅಂತ ಬರೀರಿ ಅನ್ನಬ್ಯಾಡ್ರಿ, ಅದು ಮೋಸ ಆಗ್ತೈತಿ, ಸಿಕ್ಕೂ ಬೀಳ್ತೀರಿ. 2024ರಿಂದ ಮೊದ್ಲ ಇದ್ದ ರೋಗಕ್ಕ ಕಾಯೂ ಗಡುವು ಹೆಚ್ಚಂದ್ರ 36 ತಿಂಗಳು ಅಂತ ಮಾಡ್ಯಾರ, ಮೊದ್ಲ 48 ಇತ್ತು. ಇದ್ದದ್ದು ಹೇಳಿ ಮೂರು ವರ್ಷ ಕಾಯೂದ ಚಲೋ.

ನಿಮ್ಮ ಫೈಲು ನಿಮಗ ಬೇಕಂದ್ರ

"ಅದು ದವಾಖಾನಿ ಆಸ್ತಿ, ಕೊಡಂಗಿಲ್ಲ" ಅಂತ ಹೇಳಿ ಕಳಿಸೂದು ಮಾಮೂಲು. ಕಾಗದ ಅವ್ರದ್ದು ಇರ್ಲಿ, ನಕಲು ಕೇಳೂ ಹಕ್ಕು ನಿಮ್ದು. 2002ರ ಡಾಕ್ಟರ್ ನಿಯಮದಾಗ ಅಡ್ಮಿಟ್ ಆದವ್ರ ದಾಖಲಿ 3 ವರ್ಷ ಇಡ್ಬೇಕು, ರೋಗಿ ಇಲ್ಲಾ ಅವ್ರು ಒಪ್ಪಿದವ್ರು ಕೇಳಿದ್ರ 72 ತಾಸಿನ್ಯಾಗ ಕೊಡ್ಬೇಕು ಅಂತ ಐತಿ. ಬಾಯಿಮಾತಿನ್ಯಾಗ ಕೇಳಿದ್ರ ನಾಳೆ ಬಾ ಅಂತಾರ, ಬರದು ಕೊಟ್ಟು ಇನ್ನೊಂದು ಪ್ರತಿ ಮ್ಯಾಲ ಸೀಲ್ ಹಾಕ್ಸ್ಕೊಂಡ್ರ 72 ತಾಸು ಅಲ್ಲಿಂದ ಎಣಿಸಬಹುದು. ನಾನು ಅಂಗಡಿಯಾಗ ಬರದುಕೊಡೂದು ಇಷ್ಟ:

"ಗೆ, ವೈದ್ಯಾಧಿಕಾರಿಗಳು. ವಿಷಯ: ನನ್ನ ಚಿಕಿತ್ಸಾ ದಾಖಲೆಗಳ ನಕಲು ನೀಡುವ ಕುರಿತು. ನಾನು ಈ ಆಸ್ಪತ್ರೆಯಲ್ಲಿ ದಿನಾಂಕ ಇಂಥದ್ದರಿಂದ ಇಂಥದ್ದರವರೆಗೆ ಒಳರೋಗಿಯಾಗಿದ್ದೆ, ಒಳರೋಗಿ ಸಂಖ್ಯೆ ಇಷ್ಟು. ನನ್ನ ಕೇಸ್ ಶೀಟ್, ಲ್ಯಾಬ್ ವರದಿ, ಸ್ಕ್ಯಾನ್ ವರದಿ, ಆಪರೇಷನ್ ಟಿಪ್ಪಣಿ ಮತ್ತು ಡಿಸ್ಚಾರ್ಜ್ ಸಮರಿಯ ನಕಲು ಬೇಕಾಗಿದೆ. 2002ರ ವೈದ್ಯರ ವೃತ್ತಿ ನಡತೆ ನಿಯಮದಂತೆ 72 ಗಂಟೆಯೊಳಗೆ ನೀಡಬೇಕೆಂದು ಕೋರುತ್ತೇನೆ. ನಕಲಿನ ಶುಲ್ಕ ಕೊಡಲು ಸಿದ್ಧ."

ಆಧಾರ್ ನಕಲು ಹಚ್ಚ್ರಿ, ಅದ್ರ ಮ್ಯಾಲ "ದಾಖಲೆ ಪಡೆಯಲು ಮಾತ್ರ" ಅಂತ ಅಡ್ಡ ಬರೀರಿ. ಬ್ಯಾರೆಯವ್ರನ್ನ ಕಳಿಸಿದ್ರ ಒಪ್ಪಿಗಿ ಪತ್ರ ಕೊಟ್ಟು ಕಳಿಸ್ರಿ. ತೀರ್ಕೊಂಡವ್ರ ಫೈಲಿಗೆ ಮರಣ ಪತ್ರ, ಸಂಬಂಧ ತೋರ್ಸೂ ರೇಷನ್ ಕಾರ್ಡ್ ಕೇಳ್ತಾರ. ಸರ್ಕಾರಿ ದವಾಖಾನಿ ಕೊಡ್ಲಿಲ್ಲಾಂದ್ರ ಮಾಹಿತಿ ಹಕ್ಕಿನ್ಯಾಗ 10 ರೂಪಾಯಿ ಕಟ್ಟಿ ಹಾಕ್ರಿ, ಬಿಪಿಎಲ್‌ನವ್ರಿಗೆ ಅದೂ ಇಲ್ಲ, 30 ದಿನದಾಗ ಉತ್ರ ಬರಬೇಕು. ಅದ್ರಾಗ ನಿಮ್ಮದ ಫೈಲ್ ಕೇಳ್ರಿ, ಬಾಜು ಮನಿಯವಂದು ಕೇಳಿದ್ರ ಸಿಗಂಗಿಲ್ಲ. ಸಿಗಬಾರ್ದೂನೂ.

ವಿಷಯ ಹೊರಗ ಹೋಗಿಬಿಟ್ಟಿದ್ರ

ಮೊದ್ಲ ಸಾಕ್ಷಿ ಹಿಡ್ಕೊಳ್ರಿ, ವಾಟ್ಸಾಪಿನ ಸ್ಕ್ರೀನ್‌ಶಾಟು, ಯಾವ ನಂಬರಿಂದ ಬಂತು, ತಾರೀಖು. ಆಮ್ಯಾಲ ದವಾಖಾನಿ ಮುಖ್ಯಸ್ಥರಿಗೆ ಬರದು ಕೊಡ್ರಿ, ಯಾರು ನೋಡ್ಯಾರ, ಯಾಕ ಕೊಟ್ಟೀರಿ, ತೆಗೀರಿ ಅಂತ. ಖಾಸಗಿ ಆಗಿದ್ರ ಡಿಸಿ ಸಾಹೇಬ್ರ ಅಧ್ಯಕ್ಷತಾದಾಗ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಅಂತ ಐತಿ, ಖಾಸಗಿ ದವಾಖಾನಿ ಕಾಯ್ದಿಗೆ 2017ರಾಗ ತಿದ್ದುಪಡಿ ಆದಾಗ ಬಂದದ್ದು, ಅರ್ಜಿ ಡಿಎಚ್‌ಒ, ಅಂದ್ರ ಜಿಲ್ಲಾ ಆರೋಗ್ಯಾಧಿಕಾರಿ ಆಫೀಸಿನ್ಯಾಗ ಕೊಡ್ರಿ. ಡಾಕ್ಟರದ್ದ ತಪ್ಪಿದ್ರ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ. ರೊಕ್ಕ ಕೊಟ್ಟು ಚಿಕಿತ್ಸಾ ತಗೊಂಡಿದ್ರ ಜಿಲ್ಲಾ ಗ್ರಾಹಕ ಆಯೋಗಕ್ಕನೂ ಹೋಗಬಹುದು, ನಂಬಿ ಕೊಟ್ಟ ಮಾಹಿತಿ ಇನ್ನೊಬ್ರಿಗೆ ಹೇಳೂದು ಅನುಚಿತ ವ್ಯಾಪಾರ ಅಂತ 2019ರ ಗ್ರಾಹಕ ಕಾಯ್ದಿನ ಹೇಳ್ತೈತಿ, ಎರಡು ವರ್ಷದಾಗ ಹಾಕ್ಬೇಕು, ಚಿಕಿತ್ಸಾಕ್ಕ ಕೊಟ್ಟ ರೊಕ್ಕ 5 ಲಕ್ಷದ ತನಕ ಇದ್ರ ಫೀ ಇಲ್ಲ. ಫೈಲಿನ ಮಾಹಿತಿ ಹಿಡ್ಕೊಂಡು ಯಾರಾರ ಫೋನ್ ಮಾಡಿ ರೊಕ್ಕ ಎಳದಿದ್ರ ತಡ ಮಾಡಬ್ಯಾಡ್ರಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚ್ರಿ.

ತುರವಿಹಾಳದ ಅಕ್ಕ ಇದ್ಯಾವ್ದೂ ಮಾಡ್ಲಿಲ್ಲ, ಮನಿ ಮಂದಿ ಮ್ಯಾಲ ಅರ್ಜಿ ಹೆಂಗ ಕೊಡ್ಲಿ ಅಂದ್ಲು. ಅವತ್ತು ಚೀಟಿ ಮ್ಯಾಲಿನ ನಂಬರ್ ಒಂದ ಬದ್ಲಿ ಮಾಡ್ಸಿ ಹೋದ್ಲು, ಸ್ವಂತ ತಂಗಿದು ಕೊಟ್ಲು.

ಇನ್ನ ನಮ್ಮಂಥಾ ಅಂಗಡಿಯವ್ರ ಬಗ್ಗೆ

ಇಷ್ಟೆಲ್ಲಾ ದವಾಖಾನಿ ಬಗ್ಗೆ ಬರದೆ, ನನ್ನ ಬಗ್ಗೆ ಬರೀಲಿಲ್ಲಾಂದ್ರ ಸುಳ್ಳಾಗ್ತೈತಿ. ಪ್ರಿಂಟ್ ತಗ್ಯಾಕ ಅಂತ ಮಂದಿ ನನ್ನ ವಾಟ್ಸಾಪಿಗೆ ರಿಪೋರ್ಟ್ ಕಳಿಸ್ತಾರ, ಐದು ರೂಪಾಯಿ ಕೊಟ್ಟು ಹೋಗ್ತಾರ, ಫೈಲ್ ನನ್ನ ಫೋನಿನ್ಯಾಗ ಉಳೀತೈತಿ, ಕಂಪ್ಯೂಟರಿನ ಡೌನ್‌ಲೋಡಿನ್ಯಾಗೂ ಉಳೀತೈತಿ. ಆ ಅಕ್ಕ ಹೋದ ರಾತ್ರಿ ಶಟರ್ ಎಳದು ನೋಡಿದೆ, ಎರಡು ವರ್ಷದ ರಿಪೋರ್ಟು ಬಿದ್ದಿದ್ವು, ಗುರ್ತಿದ್ದವ್ರ ಹೆಸರೂ ಕಂಡ್ವು, ನೋಡಬಾರ್ದು ಅಂದ್ರೂ ಕಣ್ಣಿಗೆ ಬಿದ್ವು. ಎಲ್ಲಾ ಅಳಿಸಿದೆ. ಕೆಟ್ಟು ಬಂದ ಪ್ರಿಂಟುಗಳನ್ನ ಬಾಜು ಮಿರ್ಚಿ ಬಂಡಿಯವ ಪೊಟ್ಲಿ ಕಟ್ಟಾಕ ಒಯ್ತಿದ್ದ, ಅದನ್ನೂ ನಿಲ್ಲಿಸಿದೆ, ಅವ ಈಗ್ಲೂ ಬೈತಾನ.

ನೀವು ಪ್ರಿಂಟ್ ತಗ್ಯಾಕ ಹೋದ್ರ ಅಂಗಡಿಯವಗ ನಿಮ್ಮ ಎದುರಿಗೇ ಅಳಿಸು ಅನ್ರಿ, ವಾಟ್ಸಾಪಿನ್ಯಾಗ ನೀವ ಎಲ್ಲಾರಿಗೂ ಡಿಲೀಟ್ ಅಂತ ಕೊಡ್ರಿ, ಡೌನ್‌ಲೋಡ್ ಫೋಲ್ಡರ್ ತಗದು ತೋರ್ಸು ಅನ್ರಿ. ಕೆಟ್ಟ ಹಾಳಿ ಹರದು ಕೈಗೆ ಇಸ್ಕೊಳ್ರಿ, ಮೂಲ ಚೀಟಿ ಝರಾಕ್ಸ್ ಮಷೀನಿನ ಗಾಜಿನ ಕೆಳಗ ಉಳ್ದೈತೇನು ನೋಡ್ರಿ. ನನ್ನ ಅಂಗಡಿಯಾಗ ಹಂಗ ಉಳದ ಚೀಟಿಗಳಿಗೆ ಒಂದು ಡಬ್ಬಿ ಇಟ್ಟೀನಿ, ಈಗ ಅದ್ರಾಗ ಹದಿನೇಳು ಅದಾವ, ಹೋದ ಸೋಮವಾರದ್ದು ಒಂದು ಎಕ್ಸ್‌ರೇನೂ ಐತಿ, ನಿಮ್ಮದಿದ್ರ ಬಂದು ಒಯ್ರಿ.